ಆಂಬುಲೆನ್ಸಿಗೆ ಕೈ ಮಾಡುವವರು

ನಮ್ಮ ವಸ್ತಿಗೆ ವಿಳಾಸ ಇರಲಿಲ್ಲ. ಈಗಲೂ ಇಲ್ಲ. ಉಗಾರ ಬುದ್ರುಕದಿಂದ ಕಾಗವಾಡದ ಕಡೆ ಹೋಗುವ ರಸ್ತೆಯಲ್ಲಿ ಒಂದು ಫಾಟಾ ಬರುತ್ತದೆ. ಡಾಂಬರು ರಸ್ತೆಯಿಂದ ಮಣ್ಣಿನ ದಾರಿ ಒಡೆಯುವ ಜಾಗಕ್ಕೆ ನಮ್ಮಲ್ಲಿ ಫಾಟಾ ಅನ್ನುತ್ತಾರೆ. ಅಲ್ಲಿಂದ ಒಳಗೆ ಕಬ್ಬಿನ ನಡುವೆ ಆ ದಾರಿ ಮತ್ತೆ ಮತ್ತೆ ಒಡೆಯುತ್ತ ಹೋಗಿ, ಕೊನೆಗೆ ತೋಟದ ಮನೆಗಳ ಒಂದು ಗುಂಪು ಸಿಗುತ್ತದೆ. ಅದು ನಮ್ಮ ವಸ್ತಿ. ಒಂದು ತಿರುವು ತಪ್ಪಿದರೆ ಬೇರೆಯವರ ವಸ್ತಿ ಸಿಗುತ್ತದೆ. ಅವರೂ ಚಹಾ ಕೊಡುತ್ತಾರೆ, ಆದರೆ ನೀವು ಹುಡುಕಿಕೊಂಡು ಬಂದ ರೋಗಿ ಅಲ್ಲಿರುವುದಿಲ್ಲ.

ಹೀಗಾಗಿ ನಮ್ಮಲ್ಲಿಗೆ ಯಾರಾದರೂ ಬರುತ್ತಾರೆಂದರೆ ನಾವು ದಾರಿ ಹೇಳುವುದಿಲ್ಲ, ಒಬ್ಬರನ್ನು ಫಾಟಾಕ್ಕೆ ಕಳಿಸುತ್ತೇವೆ. ಗಂಡಿನ ಕಡೆಯ ಗಂಡಸರು ನನ್ನನ್ನು ನೋಡಿ ಹೋದ ಮೇಲೆ ನನ್ನ ತವರಿನವರು ಮನೆ ನೋಡಲು ಜುಗೂಳದಿಂದ ಬಂದಾಗಲೂ ಹಾಗೇ ಆಯಿತು. ಕೈ ಮಾಡುತ್ತ ನಿಂತ ಒಬ್ಬ ಹೆಂಗಸನ್ನು ಕಂಡು ನಮ್ಮ ಅಪ್ಪ, ಪಾಪ, ಜೀಪಿನಲ್ಲಿ ಜಾಗ ಕೇಳುತ್ತಿದ್ದಾಳೆ ಎಂದು ಹತ್ತಿಸಿಕೊಂಡಿದ್ದರು. ಅವರೇ ನನ್ನ ಅತ್ತೆ. ದಾರಿಯುದ್ದಕ್ಕೂ ಅಪ್ಪನಿಗೆ ಡ್ರೈವಿಂಗ್ ಕಲಿಸಿದರಂತೆ.

ಎರಡು ಸಾವಿರದ ಇಸವಿಯ ಆಚೀಚೆ ನಮ್ಮ ಕಡೆ ರೋಗಿಯನ್ನು ಸಾಗಿಸುವ ವ್ಯವಸ್ಥೆ ಸರಳವಾಗಿತ್ತು. ಮೂರು ಗಾಲಿಯ ಟಂಟಂ ಸಿಕ್ಕರೆ ಟಂಟಂ, ಇಲ್ಲದಿದ್ದರೆ ಟ್ರ್ಯಾಕ್ಟರು, ಅದೂ ಇಲ್ಲದಿದ್ದರೆ ಮೋಟರ್‌ಸೈಕಲ್ ಮೇಲೆ ಇಬ್ಬರ ನಡುವೆ ರೋಗಿ. ಸಣ್ಣ ಬೇನೆಗೆ ಉಗಾರ, ದೊಡ್ಡದಕ್ಕೆ ಕುಡಚಿ ಅಥವಾ ಅಥಣಿ, ಅಲ್ಲೂ ಕೈಬಿಟ್ಟರೆ ಗಡಿಯಾಚೆ ಮಿರಜಿನ ದೊಡ್ಡ ಆಸ್ಪತ್ರೆ. 'ಮಿರಜಿಗೆ ಒಯ್ದಾರ' ಎಂದು ಯಾರಾದರೂ ಅಂದರೆ ಮುಂದೆ ಪ್ರಶ್ನೆ ಕೇಳುತ್ತಿರಲಿಲ್ಲ, ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು.

ಆ ದಶಕ ಮುಗಿಯುವ ಹೊತ್ತಿಗೆ ಮೂರು ಅಂಕಿಯ ನಂಬರು ಬಂತು. ಒತ್ತಿದರೆ ಸರ್ಕಾರದ ಆಂಬುಲೆನ್ಸ್ ಮನೆಗೆ ಬರುತ್ತದೆ ಎಂದು ಶಾಲೆಯಲ್ಲಿ ನಮಗೆ ಹೇಳಿದರು, ನಾವು ಮಕ್ಕಳಿಗೆ ಹೇಳಿದೆವು. ನಾನು ಉಗಾರದ ಶಾಲೆಯಲ್ಲಿ ಬಾಯಾರು, ಅಂದರೆ ಟೀಚರು. ಅತ್ತೆಯೂ ನನ್ನನ್ನು ಬಾಯಾರ ಎಂದೇ ಕರೆಯುತ್ತಿದ್ದರು. ಅವರ ಬಾಯಲ್ಲಿ ಅದು ಗೌರವದ ಮಾತಾಗಿರಲಿಲ್ಲ.

ನಂಬರನ್ನು ಮೊದಲು ಒತ್ತಿದ್ದು ನಾನೇ. ಪಕ್ಕದ ಮನೆಯ ಲೈನ್‌ಮನ್ನನ ಹೆಂಡತಿಗೆ ಹೆರಿಗೆ ನೋವು ಶುರುವಾಗಿತ್ತು. ನಮ್ಮ ಅಂಗಳದಲ್ಲಿ ಮೊಬೈಲು ಮಹಾರಾಷ್ಟ್ರದ ಟಾವರು ಹಿಡಿಯುತ್ತದೆ, ಕರ್ನಾಟಕ ಬೇಕೆಂದರೆ ಭಾವಿಯ ಕಟ್ಟೆ ಹತ್ತಬೇಕು. ಹತ್ತಿದೆ. ಬೆಂಗಳೂರಿನ ಒಂದು ಹುಡುಗಿ ಬಹಳ ಸಮಾಧಾನದಿಂದ ಕೇಳಿದಳು.

"ಮೇಡಂ, ಹತ್ತಿರದಲ್ಲಿ ಯಾವುದಾದರೂ ಲ್ಯಾಂಡ್‌ಮಾರ್ಕ್ ಇದೆಯಾ?"

"ಕಬ್ಬು ಐತ್ರಿ."

"ಕಬ್ಬು ಬಿಟ್ಟು?"

ನಾನು ಸುತ್ತಲೂ ನೋಡಿದೆ. "ಭಾವಿ ಐತ್ರಿ. ಆದರ ಅದೂ ಕಬ್ಬಿನಾಗ ಐತಿ."

ಅತ್ತೆಗೆ ತಡೆಯಲಾಗಲಿಲ್ಲ. ಕಟ್ಟೆ ಹತ್ತಿ ಬಂದು ಫೋನು ಕಸಿದುಕೊಂಡರು. "ಏ ತಂಗಿ, ನೀ ಗಾಡಿ ಕಳಸು. ನಾ ಫಾಟಾದಾಗ ನಿಂತಿರ್ತೀನಿ."

"ಅಜ್ಜಿ, ಯಾವ ಫಾಟಾ?"

"ನಾ ನಿಂತಿರ್ತೀನಲ್ಲ, ಆ ಫಾಟಾ."

ಫೋನು ನನಗೆ ಕೊಟ್ಟು, ಒಳಗೆ ಹೋಗಿ ಸೀರೆ ಬದಲಿಸಿ ಬಂದರು. ನನ್ನ ತಮ್ಮನ ಮದುವೆಗೆ ಹೊರಡುವಾಗಲೂ ಅಷ್ಟು ಬೇಗ ಸೀರೆ ಬದಲಿಸಿದವರಲ್ಲ. ಮೊಣಕಾಲು ಹಿಡಿದುಕೊಂಡು ಫಾಟಾಕ್ಕೆ ನಡೆದರು. ಆಂಬುಲೆನ್ಸಿಗೆ ಮುಂಚೆ ಬಂದ ಬಸ್ಸು, ಹಾಲಿನ ಗಾಡಿ, ಎಲ್ಲದಕ್ಕೂ ಕೈ ಮಾಡಿ ನಿಲ್ಲಿಸಿ, ನೀವಲ್ಲ ಹೋಗ್ರಿ ಎಂದು ಕಳಿಸಿದರಂತೆ. ಕೊನೆಗೆ ಡ್ರೈವರನ ಪಕ್ಕ ಕೂತು, ಎಡಕ್ಕ ಬಲಕ್ಕ ಎನ್ನುತ್ತ, ಸೈರನ್ ಹಾಕಿಸಿಕೊಂಡು ವಸ್ತಿಗೆ ಬಂದರು. ಲೈನ್‌ಮನ್ನನ ಹೆಂಡತಿ ಆಸ್ಪತ್ರೆ ಮುಟ್ಟಿ ಹೆಣ್ಣು ಹಡೆದಳು. ತಾಯಿ ಮಗು ಚೆನ್ನಾಗಿದ್ದರು. ಆ ಹೆರಿಗೆಯನ್ನು ತಾನೇ ಮಾಡಿಸಿದೆ ಎಂಬಂತೆ ಅತ್ತೆ ಮುಂದೆ ಬಹಳ ದಿನ ಮಾತಾಡಿದರು.

ಅಲ್ಲಿಂದ ಅದು ಅವರ ಕೆಲಸವಾಯಿತು. ಆಂಬುಲೆನ್ಸಿನ ಸಮಯ ಯಾರ ಕೈಯಲ್ಲೂ ಇರಲಿಲ್ಲ. ಹತ್ತಿರದ್ದು ಖಾಲಿ ಇದ್ದರೆ ಅದು, ಇಲ್ಲದಿದ್ದರೆ ರಾಯಬಾಗದ್ದು, ಚಿಕ್ಕೋಡಿಯದ್ದು. ಒಮ್ಮೆ ನಿಪ್ಪಾಣಿಯಿಂದ ಬಂದಿತ್ತು. ಅದು ಬರುವಷ್ಟರಲ್ಲಿ ಕೂಸು ಹುಟ್ಟಿ, ಯಾರ ಹೆಸರಿಡಬೇಕು ಎಂದು ಎರಡೂ ಕಡೆಯವರು ಜಗಳ ತೆಗೆದಿದ್ದರು. ಬೇಗ ಬರಲಿ, ತಡವಾಗಿ ಬರಲಿ, ಅತ್ತೆ ಫಾಟಾದಲ್ಲಿ ನಿಂತೇ ಇರುತ್ತಿದ್ದರು. ಸುತ್ತಲಿನ ವಸ್ತಿಗಳವರೂ ಮೊದಲು ಅತ್ತೆಗೆ ಹೇಳಿ ಕಳಿಸಿ, ಆಮೇಲೆ ಫೋನು ಮಾಡತೊಡಗಿದರು. ಅತ್ತೆಯನ್ನು ಎಲ್ಲರೂ ಆಯಿ, ಅಂದರೆ ತಾಯಿ, ಎಂದು ಕರೆಯುತ್ತಿದ್ದರು. ಡ್ರೈವರುಗಳು ದಾರಿ ಕೇಳುವುದನ್ನೇ ಬಿಟ್ಟರು. "ಆಯಿ ನಿಂತಾರಲ್ರಿ?" ಎನ್ನುವರು. ನಿಂತಾರ್ರಿ ಅಂದರೆ ಫೋನು ಇಟ್ಟುಬಿಡುವರು.

ನನಗೆ ಇದು ಸರಿ ಕಾಣಲಿಲ್ಲ. ಮೊಣಕಾಲು ನೋವಿನ ಒಬ್ಬ ಮುದುಕಿಯ ಮೇಲೆ ಇಡೀ ಸೀಮೆಯ ಆರೋಗ್ಯ ನಿಂತಿರುವುದು ಯಾವ ಪದ್ಧತಿ? ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರಿಂದ ತಗಡಿನ ಮೇಲೆ ಬಾಣದ ಗುರುತು, ವಸ್ತಿಯ ಹೆಸರು ಬರೆಸಿ ಫಾಟಾದಲ್ಲಿ ನೆಡಿಸಿದೆ. ಸ್ವಲ್ಪ ದಿನಕ್ಕೆ ಅದು ಯಾರದೋ ನೀರಿನ ಟಾಕಿಗೆ ಮುಚ್ಚಳವಾಯಿತು. ಮತ್ತೊಂದು ನೆಡಿಸಿದೆ. ಕಬ್ಬಿನ ಟ್ರಾಲಿ ತಾಗಿ ಬಾಣ ತಿರುಗಿ ಆಕಾಶ ತೋರಿಸತೊಡಗಿತು. ಅತ್ತೆಗೆ ಅದರಷ್ಟು ಸಂತೋಷ ಬೇರೆ ಯಾವುದರಿಂದಲೂ ಆಗಿರಲಿಕ್ಕಿಲ್ಲ.

"ಬಾಯಾರ, ನಿಮ್ಮ ಬೋರ್ಡು ಎಲ್ಲಿಗೆ ಕಳಸಾಕತ್ತೈತಿ ನೋಡ್ರಿ. ನಾನರೆ ಆಸ್ಪತ್ರಿಗೆ ಕಳಸತಿದ್ನಿ."

ಮನೆಯವರೇ ಒಬ್ಬರು ಫಾಟಾಕ್ಕೆ ಹೋಗಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಹೋಗಬಾರದು ಎನ್ನುವುದು ಅತ್ತೆಯ ಕಟ್ಟಪ್ಪಣೆ. ಬೇನೆ ಬಿದ್ದ ಮನೆಯವರು ಗಾಡಿ ತರಲು ಹೊರಬೀಳಬಾರದು, ಬಿದ್ದರೆ ರೋಗಿಯ ಜೀವವೂ ಎದ್ದು ಅವರ ಹಿಂದೆಯೇ ಹೊರಡುತ್ತದೆ. ಅದಕ್ಕೇ ಹೊರಗಿನವರು ನಿಲ್ಲಬೇಕು. ಹಳೆಯ ಕಾಲದಿಂದ ವೈದ್ಯನನ್ನು ಕರೆಯಲು ನೆರೆಯವರೇ ಹೋಗುತ್ತಿದ್ದರಂತೆ, ಅದನ್ನೇ ಇವರು ಆಂಬುಲೆನ್ಸಿಗೂ ಅಂಟಿಸಿದರು. ವಸ್ತಿಯಲ್ಲಿ ಎಲ್ಲರೂ ಒಪ್ಪಿದರು. ಒಪ್ಪಲು ಕಷ್ಟವೂ ಇರಲಿಲ್ಲ, ಹೊರಗಿನವರು ಅಂದರೆ ಅತ್ತೆ ಎಂದು ಎಲ್ಲರಿಗೂ ಗೊತ್ತಿತ್ತು. ಲೈನ್‌ಮನ್ನನ ಮನೆಯಲ್ಲಿ ಬುದ್ಧನ ಫೋಟೋ ಇದೆ, ಇಂಥದ್ದನ್ನೆಲ್ಲ ಅವನು ನಂಬುವುದಿಲ್ಲ. ಆದರೂ ತನ್ನ ಅಪ್ಪನಿಗೆ ಲಕ್ವ ಹೊಡೆದಾಗ ಅಂಗಳ ಬಿಟ್ಟು ಕದಲಲಿಲ್ಲ. ಕೇಳಿದರೆ, ಆಯಿ ಹೋಗ್ಯಾರಲ್ಲ ಅಂದ.

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಆ ಮಾತಿನ ಎರಡನೆಯ ಅರ್ಧ ನನ್ನ ಪಾಲಿಗೆ ಬಂದಿತ್ತು. ರೊಟ್ಟಿ ದಪ್ಪವಾಯಿತು, ಚಹಾ ತೆಳುವಾಯಿತು, ಮಂಗಳವಾರ ತಲೆ ತೊಳೆಯಬೇಡ, ಬಸುರಿ ಪಪ್ಪಾಯಿ ತಿನ್ನಬೇಡ, ಸಂಜೆ ಹೊತ್ತು ಕಸ ಹೊರಗೆ ಚೆಲ್ಲಬೇಡ. ನಾನು ಮಂಗಳವಾರ ತಲೆ ತೊಳೆದೆ, ಪಪ್ಪಾಯಿ ತಿಂದೆ, ಕಸ ಚೆಲ್ಲಿದೆ. ಮಗ ಗುಂಡುಕಲ್ಲಿನಂತೆ ಹುಟ್ಟಿದ. ಅದಕ್ಕೂ ಅತ್ತೆಯ ಹತ್ತಿರ ಉತ್ತರ ಇತ್ತು, ನಿನ್ನ ಸಲುವಾಗಿ ನಾ ಬ್ಯಾರೆ ಉಪಾಸ ಮಾಡಿದ್ನಿ ಅಂತ. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕೆಲಸದವರು. ಮನೆಯಲ್ಲಿ ಮಾತ್ರ ಯಾರ ಮಾತನ್ನೂ ತೂಗಿ ನೋಡದೆ ಊಟ ಮಾಡಿ ಎದ್ದುಬಿಡುತ್ತಿದ್ದರು.

ಇನ್ನು ಆ ದಿನದ್ದು ಹೇಳುತ್ತೇನೆ. ಕಬ್ಬು ಕಡಿಯುವ ಹಂಗಾಮು. ಭಾನುವಾರ ಮಧ್ಯಾಹ್ನ. ಗಂಡ ಕಾರ್ಖಾನೆಗೆ ಹೋಗಿದ್ದರು, ಮಗ ನನ್ನ ತವರಿಗೆ. ಅತ್ತೆ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ನಾನು ಬಟ್ಟೆ ಒಣಹಾಕುತ್ತ, ಮೊರದಲ್ಲಿ ಕೇರುವ ಸದ್ದು ನಿಂತದ್ದನ್ನು ಗಮನಿಸಿದೆ. ತಿರುಗಿ ನೋಡಿದರೆ ಅತ್ತೆ ಗೋಡೆಗೆ ಒರಗಿದ್ದರು. ಮುಖದ ತುಂಬ ಬೆವರು.

"ಎದಿ ಯಾಕೋ ಹಿಂಡಿದಂಗ ಆಗಾಕತ್ತೈತಿ," ಅಂದರು. "ಎಡಗೈ ಎತ್ತಾಕ ಬರವಲ್ದು."

ಭಾವಿಯ ಕಟ್ಟೆ ಹತ್ತಿ ಫೋನು ಮಾಡಿದೆ. ಗಾಡಿ ಹತ್ತಿರದಲ್ಲೇ ಖಾಲಿ ಇದೆ, ಹೊರಟಿದೆ ಎಂದರು. ಅಷ್ಟು ಬೇಗ ಅದು ಎಂದೂ ಸಿಕ್ಕಿರಲಿಲ್ಲ. ನಾನು ದೇವರಿಗೆ ಕೈ ಮುಗಿದೆ.

ಸುದ್ದಿ ಹಬ್ಬಿತು. ಬೇರೆ ಯಾರಿಗಾದರೂ ಬೇನೆಯಾದರೆ ಇಬ್ಬರು ಮೂವರು ಬರುತ್ತಿದ್ದರು. ಆಯಿಗೆ ಅಂತ ಅಂದ ಕೂಡಲೇ ವಸ್ತಿಗೆ ವಸ್ತಿಯೇ ನಮ್ಮ ಅಂಗಳಕ್ಕೆ ಬಂತು. ಕಬ್ಬು ಕಡಿಯುವವರು ಕೊಯ್ತದ ಕತ್ತಿ ಹಿಡಿದೇ ಬಂದರು. ಪಕ್ಕದ ವಸ್ತಿಯವರೂ ಬಂದರು. ಒಬ್ಬಳು ಗಾಳಿ ಹಾಕಿದಳು, ಇನ್ನೊಬ್ಬಳು ಈರುಳ್ಳಿ ಮೂಸಿಸಿದಳು, ಮತ್ತೊಬ್ಬಳು ಅತ್ತೆಯ ಕಾಲು ಹಿಡಿದು ಅಳತೊಡಗಿದಳು. ಅತ್ತೆ ಆ ನೋವಿನಲ್ಲೂ ಅವಳನ್ನು ನೋಡಿ, "ಕಾಲಿಗೇನೂ ಆಗಿಲ್ಲಬೇ," ಅಂದರು.

ನಾನು ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಎಷ್ಟೋ ಸಲ ಬೋರ್ಡಿನ ಮೇಲೆ ಬರೆಸಿದ್ದೇನೆ. ಅಲ್ಲಿ ಸೇರಿದವರಲ್ಲಿ ಪ್ರತಿಯೊಬ್ಬರಿಗೂ ಯಾರೋ ಫಾಟಾಕ್ಕೆ ಹೋಗಿದ್ದಾರೆ ಎಂದು ಖಾತ್ರಿ ಇತ್ತು. ಯಾಕೆಂದರೆ ಯಾವಾಗಲೂ ಯಾರೋ ಹೋಗಿರುತ್ತಿದ್ದರು.

ಡ್ರೈವರನ ಫೋನು ಬಂತು. ಲೈನ್‌ಮನ್ ನನ್ನ ಫೋನು ಹಿಡಿದು ಭಾವಿಯ ಕಟ್ಟೆಯ ಮೇಲೆ ನಿಂತು ಸ್ಪೀಕರ್ ಹಾಕಿದ್ದ.

"ಎಲ್ಲಿ ಐತ್ರಿ ನಿಮ್ಮ ವಸ್ತಿ? ನಾ ಮುಂದ ಶೇಡಬಾಳದ ಕಡೆ ಬಂದೀನ್ರಿ."

"ಅಲ್ಲಿಗ್ಯಾಕ ಹೋದ್ರಿ? ಫಾಟಾ ಹಿಂದ ಉಳೀತು!"

"ಹಿಂದಿನ ಫಾಟಾ ನೋಡೀನ್ರಿ. ಆಯಿ ಇರಲಿಲ್ಲ. ಅದಕ್ಕ ಕೇಸು ಈ ವಸ್ತೀದಲ್ಲ ಅಂತ ಮುಂದ ಬಂದೆ."

ಲೈನ್‌ಮನ್ ಕಟ್ಟೆಯ ಮೇಲಿಂದ ಅತ್ತೆಯ ಕಡೆ ನೋಡಿದ. "ಆಯೀನ ಪೇಶಂಟ್ ರೀ," ಅಂದ.

ಆಮೇಲೆ ಎಲ್ಲರೂ ಒಟ್ಟಿಗೆ ಓಡಿದರು. ಮೋಟರ್‌ಸೈಕಲ್ ಇದ್ದವರು ಅದರ ಮೇಲೆ, ಇಲ್ಲದವರು ಕಬ್ಬಿನೊಳಗೆ ನುಗ್ಗಿ. ಈರುಳ್ಳಿಯವಳೂ ಓಡಿದಳು, ಕಾಲು ಹಿಡಿದವಳೂ ಓಡಿದಳು. ಅಂಗಳದಲ್ಲಿ ನಾನು, ಅತ್ತೆ ಇಬ್ಬರೇ ಉಳಿದೆವು.

"ಎಲ್ಲಾರೂ ಎಲ್ಲಿ ಹೋದ್ರು?" ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಫಾಟಾಕ್ಕ," ಅಂದೆ.

"ಎಲ್ಲಾರೂನಾ?"

"ಎಲ್ಲಾರೂ."

"ಹುಚ್ಚ ಮಂದಿ," ಅಂದರು.

ಆಂಬುಲೆನ್ಸ್ ತಿರುಗಿ ಬಂತು. ಫಾಟಾದಲ್ಲಿ ಜಾತ್ರೆ. ಪ್ರತಿಯೊಬ್ಬರೂ ಒಂದೊಂದು ಕಡೆ ಕೈ ತೋರಿಸಿದರಂತೆ, ಎಲ್ಲವೂ ಸರಿಯಾದ ದಾರಿಗಳೇ, ಅವರವರ ಹೊಲದ ಮೇಲಿಂದ. ಡ್ರೈವರ್ ದೊಡ್ಡ ದಾರಿ ಹಿಡಿದ. ಅರ್ಧಕ್ಕೆ ಬರುವಷ್ಟರಲ್ಲಿ ಎದುರಿಗೆ ಎರಡು ಟ್ರಾಲಿ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು. ಅದರವನು ಹಾಡು ಹಚ್ಚಿಕೊಂಡಿದ್ದ, ಸೈರನ್ ಕೇಳಿಸಿದ್ದು ಮೂತಿಗೆ ಮೂತಿ ತಾಗುವಾಗ. ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರು ಹಿಂದಕ್ಕೆ ಹೋಗುವುದಿಲ್ಲ, ಅದನ್ನು ಮಾಡಿದವರಿಗೂ ಹೋಗಿಸಲು ಬರುವುದಿಲ್ಲ. ಅತ್ತೆ ಮುಂದಿನ ಸೀಟಿನಲ್ಲಿದ್ದಿದ್ದರೆ ಕಾಲುವೆಯ ದಂಡೆಯ ದಾರಿ ಹಿಡಿಸುತ್ತಿದ್ದರು. ಹಂಗಾಮಿನಲ್ಲಿ ಅವರು ಯಾವಾಗಲೂ ಆ ದಾರಿಯಲ್ಲೇ ಗಾಡಿ ತರುತ್ತಿದ್ದರು.

ಕೊನೆಗೆ ಲೈನ್‌ಮನ್ ಮತ್ತು ಕಬ್ಬು ಕಡಿಯುವವರು ಓಡಿ ಬಂದು ನಮ್ಮ ಹೊರಸು ಎತ್ತಿದರು. ಅತ್ತೆಯನ್ನು ಅದರ ಮೇಲೆ ಮಲಗಿಸಿ, ಕಡಿದ ಕಬ್ಬಿನ ಹೊಲದಲ್ಲಿ ಅಡ್ಡಕ್ಕೆ ನಡೆದರು. ಒಣಗಿದ ಗರಿಗಳ ರವದಿಯ ಮೇಲೆ ಕಾಲು ಜಾರುತ್ತಿತ್ತು, ಕೂಳೆ ಚುಚ್ಚುತ್ತಿತ್ತು. ನಾನು ಚಪ್ಪಲಿ ಇಲ್ಲದೆ ಪಕ್ಕದಲ್ಲಿ ಓಡುತ್ತಿದ್ದೆ. ಅತ್ತೆ ಆಕಾಶ ನೋಡುತ್ತ ಮಲಗಿದ್ದರು.

"ಮುಂದ ಕಾಲುವಿ ಐತಿ. ಬಲಕ್ಕ ಹೊಳ್ರಿ," ಅಂದರು.

ಹೊತ್ತವರು ಬಲಕ್ಕೆ ಹೊರಳಿದರು. ಕಾಲುವೆ ಇತ್ತು.

ಆಂಬುಲೆನ್ಸಿನ ಡ್ರೈವರ್ ಬಾಗಿಲು ತೆರೆದು ನಿಂತಿದ್ದ. ಎಷ್ಟೋ ಸಲ ಅತ್ತೆಯ ಬೈಗಳು ತಿಂದವನು. "ಆಯಿ, ನೀವು ಕಾಣಲಿಲ್ಲ ಅಂತ ಮುಂದ ಹೋದ್ನಿ," ಎಂದು ಅತ್ತೇಬಿಟ್ಟ.

"ಫಾಟಾದಾಗ ಯಾರೂ ನಿಂತಿರಲಿಲ್ಲೇನು?" ಅತ್ತೆ ಕೇಳಿದರು.

"ಇಲ್ರಿ ಆಯಿ."

ಅತ್ತೆ ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವರ ಮುಖದಲ್ಲಿ ಅಂಥ ನೋವನ್ನು ನಾನು ಮೊದಲು ನೋಡಿರಲಿಲ್ಲ, ಅದು ಎದೆಯದ್ದಾಗಿರಲಿಲ್ಲ. ಆ ಅಷ್ಟೂ ಮಂದಿಯ ಮೇಲೆ ನನಗೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ, ಅವರ ಮನೆಯ ಮದುವೆಗಳಲ್ಲಿ ಉಂಡು ಬರುತ್ತೇನೆ, ಆದರೂ ಇಳಿದಿಲ್ಲ.

ಗಾಡಿ ಅಥಣಿಯ ಕಡೆ ಹೊರಟಿತು. ಒಳಗೆ ನರ್ಸ್ ಒಬ್ಬ, ನಾನು, ಅತ್ತೆ. ನರ್ಸ್ ನಾಲಿಗೆಯ ಕೆಳಗೆ ಗುಳಿಗೆ ಇಟ್ಟ, ಮೂಗಿಗೆ ಆಕ್ಸಿಜನ್ ಹಚ್ಚಿದ, ಮಾತಾಡಬೇಡಿ ಎಂದ. ಅತ್ತೆ ಆಕ್ಸಿಜನ್ ಸರಿಸಿ ಮಾತಾಡಿದರು.

"ಬಾಯಾರ."

"ಏನ್ರಿ?"

"ನೀ ಯಾಕ ಹೋಗಲಿಲ್ಲ ಫಾಟಾಕ್ಕ?"

"ಮನಿಯವರು ಹೋಗಬಾರದು ಅಂತ ನೀವ ಹೇಳಿದ್ರಿ. ಹೋದ್ರ ಜೀವ ಹಿಂದ ಬರ್ತೈತಿ ಅಂತ."

ಅತ್ತೆ ನನ್ನ ಕಡೆ ಮುಖ ಹೊರಳಿಸಿದರು. "ಬಂದಾಗಿಂದ ನನ್ನ ಒಂದ ಮಾತರೆ ಕೇಳೀಯೇನು? ಇದೊಂದ ಯಾಕ ಕೇಳಿದಿ?"

ನಾನು ಅಂಜಿದ್ದೆ, ಅದಕ್ಕೇ ಕೇಳಿದೆ. ಆ ಗೋಡೆಗೆ ಒರಗಿದ ಮುಖ ನೋಡಿದ ಗಳಿಗೆಯಲ್ಲಿ ಅವರು ಹೇಳಿದ್ದನ್ನೆಲ್ಲ ನಂಬಿಬಿಟ್ಟಿದ್ದೆ. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಮಾತ್ರ ಬೇರೆ ಮಾತು. "ಸುಮ್ಮನ ಮಲಗ್ರಿ, ನರ್ಸ್ ಬೈತಾನ." ಅತ್ತೆಯ ತುಟಿಯ ಮೂಲೆ ಸ್ವಲ್ಪ ಮೇಲೆ ಹೋಯಿತು. ನನ್ನ ಕೈ ಹಿಡಿದುಕೊಂಡರು.

ರಸ್ತೆಯ ತುಂಬ ಕಬ್ಬಿನ ಟ್ರಾಲಿಗಳು. ಡ್ರೈವರ್ ಹಾರ್ನ್ ಒತ್ತಿಯೇ ಹಿಡಿದಿದ್ದ. ಮಲಗಿದವರಿಗೆ ಗಾಡಿಯ ಛಾವಣಿ ಬಿಟ್ಟು ಏನೂ ಕಾಣುವುದಿಲ್ಲ. ಇಷ್ಟು ಸಲ ಈ ಗಾಡಿಯಲ್ಲಿ ಕೂತಿದ್ದರೂ ಅತ್ತೆ ಹಿಂದಿನ ಭಾಗ ಕಂಡದ್ದು ಅದೇ ಮೊದಲು.

"ಎಲ್ಲಿಗೆ ಬಂದ್ವಿ?"

ಕಿಟಕಿಯಲ್ಲಿ ಒಂದು ಟ್ರಾಲಿಯ ಬೆನ್ನು ಕಾಣುತ್ತಿತ್ತು, ಮೊದಲೂ ಅದೇ ಕಂಡಿತ್ತು, ಹಳ್ಳದ ಸೇತುವೆ ಇನ್ನೂ ಮುಂದಿತ್ತು. "ಹಳ್ಳದ ಪೂಲ ದಾಟಿದ್ವಿ ರಿ," ಅಂದೆ.

"ಸುಳ್ಳ. ಪೂಲ ದಾಟಿದ್ರ ಗಾಡಿ ಎರಡ ಸಲ ಜಿಗೀತಿತ್ತು."

ನರ್ಸ್ ನಕ್ಕುಬಿಟ್ಟ. ನನಗೂ ನಗು ಬಂತು, ಧೈರ್ಯವೂ ಬಂತು. ಹೀಗೆ ಸುಳ್ಳು ಹಿಡಿಯುವವರು ಎಲ್ಲಿ ಸಾಯುತ್ತಾರೆ ಅನಿಸಿತು. ಡ್ರೈವರ್ ಹೇಗೋ ಟ್ರಾಲಿ ದಾಟಿಸಿದ, ಗಾಡಿ ಓಡತೊಡಗಿತು. ಸ್ವಲ್ಪ ಹೊತ್ತಿಗೆ ಅದು ಒಮ್ಮೆ ಜಿಗಿಯಿತು, ಮತ್ತೊಮ್ಮೆ ಜಿಗಿಯಿತು.

"ಈಗ ಖರೇನ ದಾಟಿದ್ವಿ ನೋಡ್ರಿ," ಅಂದೆ.

ಉತ್ತರ ಬರಲಿಲ್ಲ. ನನ್ನ ಕೈ ಹಿಡಿದ ಕೈ ಸಡಿಲಾಗಿತ್ತು. ನರ್ಸ್ ನನ್ನನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈ ಸೇರಿಸಿ ಅತ್ತೆಯ ಎದೆಯನ್ನು ಒತ್ತತೊಡಗಿದ. ಮುಂದಿನಿಂದ ಡ್ರೈವರ್ ಏನಾಯಿತು ಎಂದು ಕೂಗಿದ. ನಾನು ಅತ್ತೆಯ ತಲೆಯ ಕಡೆ ಮೊಣಕಾಲೂರಿ ಕೂತು ಕಿವಿಯ ಹತ್ತಿರ ಬಾಗಿದೆ.

"ಅತ್ತೀ, ಅಥಣಿ ಬಂತ್ರಿ," ಅಂದೆ.

ಹೊರಗೆ ಎರಡೂ ಕಡೆ ಕಬ್ಬು ನಿಂತಿತ್ತು. ಅಥಣಿ ಇನ್ನೂ ದೂರ ಇತ್ತು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿರಲೇಬೇಕು, ಸುಳ್ಳ ಅನ್ನಲಿ ಎಂದು ಕಾದೆ. ಅನ್ನಲಿಲ್ಲ. ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಇನ್ನೊಮ್ಮೆ ಜೋರಾಗಿ ಹೇಳಿದೆ.